ಸೌನೋವಾ ಹಂಚಿದ ಮರಿಗಳು

ನನ್ನ ಸೋದರತ್ತೆ ಸೌನೋವಾಳ ಕೈಗೆ ಸಿಕ್ಕಿ ಅಳದ ಮಗು ಸವಾಯಿ ದ್ವೀಪದ ನಮ್ಮ ದಂಡೆಯಲ್ಲಿ ಒಂದೂ ಇಲ್ಲ. ಅವಳು ಮೈ ನೀವುವವಳು. ಉಳುಕಿರಲಿ, ಹೊಟ್ಟೆನುಲಿತವಿರಲಿ, ಬಾಣಂತಿಯ ಸೊಂಟನೋವಿರಲಿ, ಜನ ಮೊದಲು ಬಂದು ಕೂರುತ್ತಿದ್ದುದು ಅವಳ ಜಗಲಿಯಲ್ಲಿ. ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಅವಳು ಹೆಬ್ಬೆರಳೂರಿದಳೆಂದರೆ ಎದೆ ಉಬ್ಬಿಸಿಕೊಂಡು ಬಂದ ಮೀನುಗಾರರೂ ಅಮ್ಮಾ ಎನ್ನುತ್ತಿದ್ದರು. ನೀವಿದ್ದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ಅತ್ತ ಮಕ್ಕಳ ಕೈಗೆ ತಾನೇ ಏನಾದರೂ ಹಿಡಿಸಿ ಕಳಿಸುತ್ತಿದ್ದಳು. ಆ ವರ್ಷ ಹಿಡಿಸಿದ್ದು ಬೆಕ್ಕಿನ ಮರಿ.

ಅಡುಗೆ ಗುಡಿಸಲಿನ ಹಿಂದೆ ತೆಂಗಿನ ಸಿಪ್ಪೆಯ ರಾಶಿಯಲ್ಲಿ ಅವಳ ಮೂರು ಬೆಕ್ಕುಗಳು ಹೆಚ್ಚುಕಡಿಮೆ ಒಟ್ಟಿಗೇ ಮರಿ ಹಾಕಿದ್ದವು. ನನಗೆ ಆ ಬೆಕ್ಕುಗಳನ್ನು ಕಂಡರಾಗದು. ಅಲ್ಲಿ ಹೋಗಿ ನಿಂತರೆ ಸಾಕು, ಚಿಗಟ ಮೊಣಕಾಲಿನವರೆಗೂ ಹತ್ತುತ್ತಿತ್ತು. ನಾನು ಗೊಣಗಿದರೆ ಅತ್ತೆ ನನ್ನನ್ನೇ ರೇಗಿಸುತ್ತಿದ್ದಳು.

"ನಿನ್ನ ಗಂಡನ ಗೊರಕೆಗಿಂತ ವಾಸಿ ಬಿಡೆ, ಕಚ್ಚಿದ್ರೂ ಸದ್ದಿಲ್ದೆ ಕಚ್ತಾವೆ."

ಪಕ್ಕದ ಮನೆಯ ಲುಪೆಸಿನಾಗೆ ಏಳು ವರ್ಷ. ಕೈ ಉಳುಕಿಸಿಕೊಂಡು ಬಂದು, ಊರು ಕೇಳುವಂತೆ ಕಿರುಚಿ, ಕೊನೆಗೆ ಬಿಳಿ ಮರಿಯೊಂದನ್ನು ಅವುಚಿಕೊಂಡು ಮನೆಗೆ ಹೋದಳು. ಅದರ ಜೊತೆಗೇ ಉಣ್ಣುತ್ತಿದ್ದಳು, ಅದರ ಜೊತೆಗೇ ಮಲಗುತ್ತಿದ್ದಳು. ಮೈಮೇಲೆಲ್ಲ ಅದರ ಗೀರು.

ತಿಂಗಳು ಕಳೆಯುವುದರಲ್ಲಿ ಮಕ್ಕಳು ಗಡ್ಡೆ ಎಂದು ಬರತೊಡಗಿದರು. ಒಬ್ಬನಿಗೆ ಕತ್ತಿನಲ್ಲಿ, ಇನ್ನಿಬ್ಬರಿಗೆ ಕಂಕುಳಲ್ಲಿ, ಜೊತೆಗೆ ಸಣ್ಣ ಜ್ವರ. ಅತ್ತೆ ನೀವಿದಳು. ಕೆಲವು ವಾರದಲ್ಲಿ ಆ ಮೂವರ ಗಡ್ಡೆಯೂ ಇಳಿಯಿತು. ತಾನಾಗಿ ಇಳಿಯುವ ಗಡ್ಡೆ ಅದು ಎಂದು ಆಗ ಯಾರಿಗೆ ಗೊತ್ತಿತ್ತು? ಸೌನೋವಾಳ ಹೆಸರು ಇನ್ನೆರಡು ಊರು ದಾಟಿತು. ಆದರೆ ಲುಪೆಸಿನಾಳ ಕಂಕುಳ ಗಡ್ಡೆ ಇಳಿಯಲಿಲ್ಲ. ನೀವಿದಷ್ಟೂ ಕೆಂಪೇರಿ ನಿಂಬೆಹಣ್ಣಿನ ಗಾತ್ರವಾಯಿತು. ಜ್ವರ ಮೂರು ವಾರ ಬಿಡಲಿಲ್ಲ, ಮಗು ಸೊರಗಿ ಕಡ್ಡಿಯಾಯಿತು. ಅವಳ ತಾಯಿ ರೊಪೆಟಾ ಒಂದು ಸೋಮವಾರ ಅತ್ತೆಗೆ ಹೇಳದೆ ಮಗುವನ್ನು ಎತ್ತಿಕೊಂಡು ದೋಣಿ ಹತ್ತಿದಳು. ಜೊತೆಗಿರು ಎಂದು ನನ್ನನ್ನೂ ಕರೆದಳು.

ಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ನಮ್ಮವಳೇ, ಓದಿದ್ದು ಮಾತ್ರ ಹೊರಗೆ. ಗಡ್ಡೆಯನ್ನು ನೋಡುತ್ತಿದ್ದಂತೆ ಅವಳ ಮುಖ ಬಿಗಿಯಿತು.

"ಇದನ್ನ ಯಾರಾದ್ರೂ ನೀವಿದ್ರಾ?"

"ಇಲ್ಲ," ಎಂದಳು ರೊಪೆಟಾ.

"ಮನೇಲಿ ನಾಯಿ, ಬೆಕ್ಕು ಏನಾದ್ರೂ?"

ರೊಪೆಟಾ ನನ್ನ ಮುಖ ನೋಡಿದಳು. ಬೆಕ್ಕು ಎಂದರೆ ಮರಿ ಎಲ್ಲಿಂದ ಬಂತು ಎಂಬ ಮಾತು ಬರುತ್ತದೆ, ಮರಿಯ ಬೆನ್ನಿಗೇ ನೀವುವವಳು ಬರುತ್ತಾಳೆ, ಆಮೇಲೆ ಬೈಗುಳ ತಪ್ಪಿದ್ದಲ್ಲ. ನೀವುವವಳ ಹತ್ತಿರ ಹೋದದ್ದನ್ನು ಡಾಕ್ಟರಿಗೆ, ಡಾಕ್ಟರ ಹತ್ತಿರ ಹೋದದ್ದನ್ನು ನೀವುವವಳಿಗೆ ನಮ್ಮೂರಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ತಾಯಂದಿರು ಕಲಿಸಿದ ಜಾಣತನ ಅದು, ಬೆಂಕಿ ಹಾಕಬೇಕು ಅದಕ್ಕೆ.

"ಇಲ್ಲ," ಎಂದಳು ಅವಳು. ಮಗು ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ನಾನೂ ತುಟಿ ಬಿಚ್ಚಲಿಲ್ಲ.

ಡಾಕ್ಟರಮ್ಮ ನಿಧಾನವಾಗಿ ಹೇಳಿದಳು. ರಕ್ತದ ಕ್ಯಾನ್ಸರ್ ಇರಬಹುದೆಂಬ ಭಯವಿದೆ. ಗುರುವಾರ ಗಡ್ಡೆ ಕೊಯ್ದು ಪರೀಕ್ಷೆಗೆ ಕಳಿಸಬೇಕು. ಅದೇ ಆಗಿದ್ದರೆ ನ್ಯೂಜಿಲೆಂಡಿಗೆ ಕರೆದೊಯ್ಯಬೇಕು. ರೊಪೆಟಾ ಮಗುವಿನ ಪಕ್ಕದಲ್ಲೇ ಉಳಿದಳು. ಅವಳಿಗೆ ಬಟ್ಟೆ ತರಲು ನಾನು ಮಂಗಳವಾರದ ದೋಣಿಯಲ್ಲಿ ಊರಿಗೆ ಮರಳಿದೆ.

ಅತ್ತೆ ದೀವಿಹಲಸಿನ ಕಾಯಿ ಸುಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ತನ್ನನ್ನು ಬಿಟ್ಟು ಡಾಕ್ಟರ ಹತ್ತಿರ ಯಾಕೆ ಹೋದರು ಎಂದು ಅವಳು ಕೇಳಲೇ ಇಲ್ಲ.

"ಬೆಕ್ಕಿನ ವಿಷಯ ಡಾಕ್ಟರು ಯಾಕೆ ಕೇಳಿದ್ಲು?"

"ನಂಗೇನ್ ಗೊತ್ತು ಅತ್ತೆ? ಸುಮ್ನೆ ಕೇಳಿರ್ಬೇಕು."

"ಸುಮ್ನೆ ಕೇಳಕ್ಕೆ ಅವಳಿಗೇನು ಬೇರೆ ಕೆಲ್ಸ ಇಲ್ವಾ?"

ಅವಳು ಇಕ್ಕಳ ಕೆಳಗಿಟ್ಟು ಬೆರಳು ಮಡಿಸತೊಡಗಿದಳು. ಗಡ್ಡೆ ಎಂದು ಬಂದ ನಾಲ್ಕು ಮಕ್ಕಳ ಮನೆಗೂ ಅವಳ ಮರಿ ಹೋಗಿತ್ತು. ನಾಲ್ವರ ಕೈಯ ಮೇಲೂ ಗೀರಿನ ಪಕ್ಕ ಒಂದು ಸಣ್ಣ ಗುಳ್ಳೆಯ ಗುರುತನ್ನು ಅವಳ ಬೆರಳು ಮುಟ್ಟಿತ್ತು. ಆಮೇಲೆ ಅವಳು ರವಿಕೆಯ ತೋಳನ್ನು ಮೇಲೇರಿಸಿ ನನ್ನ ಕೈಯನ್ನು ಎಳೆದು ತನ್ನ ಕಂಕುಳಿಗೆ ಒತ್ತಿದಳು. ಅಲ್ಲೊಂದು ಗಟ್ಟಿ ಗಡ್ಡೆ. ನಾನು ಬೆಚ್ಚಿಬಿದ್ದೆ.

"ಎಷ್ಟು ದಿನದಿಂದ?"

"ಐದು ವಾರ. ನೀವೋಳಿಗೇ ಗಡ್ಡೆ ಅಂತ ಗೊತ್ತಾದ್ರೆ ಜನ ನಗಲ್ವೇನೆ? ಮುಚ್ಕೊಂಡಿದ್ದೆ."

ಬುಧವಾರ ಬೆಳಗಿನ ದೋಣಿಗೆ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ನನಗೆ ಒಂದೇ ಭಯ. ನಾವು ಬೆಕ್ಕಿನ ವಿಷಯ ಹೇಳಿ ಕೊಯ್ಯುವುದನ್ನು ಮುಂದೆ ಹಾಕಿಸಿದ ಮೇಲೆ ಅದು ನಿಜಕ್ಕೂ ಕ್ಯಾನ್ಸರೇ ಆಗಿಬಿಟ್ಟರೆ?

ಅತ್ತೆಯನ್ನು ಕಂಡು ರೊಪೆಟಾ ಬಿಳಿಚಿಕೊಂಡಳು. ಯಾರಿವರು ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ "ಸಂಬಂಧಿಕರು" ಎಂದು ತೊದಲಿದಳು.

"ಈ ಮಗೂನ ನೀವಿದೋಳು ನಾನು," ಎಂದಳು ಅತ್ತೆ. "ಹದಿನೈದು ದಿನ ನೀವಿದೀನಿ. ಅವ್ರ ಮನೆಗೆ ಬೆಕ್ಕು ಕೊಟ್ಟೋಳೂ ನಾನೇ."

ಡಾಕ್ಟರಮ್ಮನ ಸಿಟ್ಟು ನೆತ್ತಿಗೇರಿತು. "ಇಂಥ ಗಡ್ಡೇನ ಹಿಸುಕ್ತಾರಾ? ಒಳಗೇ ಒಡೆದಿದ್ರೆ ಏನ್ ಮಾಡ್ತಿದ್ರಿ? ಮಗು ಪ್ರಾಣದ ಜೊತೆ ಆಟ ಆಡ್ತೀರಾ ನೀವೆಲ್ಲ?" ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೀನುಗಾರರನ್ನು ಅಳಿಸಿದ ನನ್ನ ಅತ್ತೆ ಶಾಲೆಯ ಹುಡುಗಿಯ ಹಾಗೆ ತಲೆ ಬಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬೈಗುಳ ಮುಗಿದ ಮೇಲೆ ತೋಳೇರಿಸಿ ತನ್ನ ಗಡ್ಡೆ ತೋರಿಸಿದಳು. ಉಳಿದ ಮೂರು ಮಕ್ಕಳ ಹೆಸರು ಹೇಳಿದಳು.

ಡಾಕ್ಟರಮ್ಮ ಆ ಗಡ್ಡೆಯನ್ನು ಮುಟ್ಟಿ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕದಲ್ಲೇ ಕೂತಳು.

"ನೋಡಿ ಅಮ್ಮ, ಇದು ಬೆಕ್ಕಿನ ಕಾಯಿಲೆ ಇರ್ಬಹುದು. ಬೆಕ್ಕಿಂದ ಬೆಕ್ಕಿಗೆ ಇದನ್ನ ಹೊರೋದು ಚಿಗಟ. ಚಿಗಟದ ಹೊಲಸು ಬೆಕ್ಕಿನ ಉಗುರಿಗೆ ಮೆತ್ಕೊಳ್ಳುತ್ತೆ. ಆ ಉಗುರಲ್ಲಿ ಪರಚಿದ್ರೆ ನಮ್ಗೆ ಬರುತ್ತೆ. ಬೆಕ್ಕು ಮಾತ್ರ ಏನೂ ಆಗದ ಹಾಗೆ ಓಡಾಡ್ಕೊಂಡಿರುತ್ತೆ. ಮರಿಗಳಲ್ಲೇ ಜಾಸ್ತಿ." ಆಮೇಲೆ ರೊಪೆಟಾಳ ಕಡೆ ತಿರುಗಿದಳು. "ಇದನ್ನೇ ನಾನು ನಿಮ್ಮನ್ನ ಕೇಳಿದ್ದು."

ಇಬ್ಬರ ರಕ್ತವೂ ಹೊರದೇಶಕ್ಕೆ ಪರೀಕ್ಷೆಗೆ ಹೋಯಿತು. ಐದು ದಿನ ಔಷಧಿ, ಹತ್ತು ದಿನ ಕಾಯುವುದು, ಇಳಿಯದಿದ್ದರೆ ಕೊಯ್ಯುವುದೇ ಎಂದಾಯಿತು. ಇದು ಬೇರೆಯೇ ಕಾಯಿಲೆಯಾಗಿದ್ದರೆ ಹತ್ತು ದಿನ ಕಳೆದುಕೊಂಡಂತೆ ಎಂದೂ ಡಾಕ್ಟರಮ್ಮ ಬಿಡಿಸಿ ಹೇಳಿದಳು. ಹೂಂ ಎಂದದ್ದು ರೊಪೆಟಾಳೇ. ಆದರೆ ಹೊರಗೆ ಬಂದವಳೇ ಅತ್ತೆಯ ಕೈ ಹಿಡಿದು ಅಲುಗಿಸಿದಳು.

"ನನ್ ಮಗೂಗೆ ಏನಾದ್ರೂ ಆದ್ರೆ ಊರಿಗೆ ಕಾಲಿಡ್ಬೇಡ ನೀನು."

ಅತ್ತೆ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ನಾನು ತಂದ ಬೇಯಿಸಿದ ಕೆಸುವಿನ ಗೆಡ್ಡೆಯ ಪೊಟ್ಟಣ ಬಿಚ್ಚದೆ ಹಾಗೇ ಹಳಸುತ್ತಿತ್ತು. ಮೂರನೆಯ ದಿನ ಮಗುವಿನ ಜ್ವರ ಇನ್ನಷ್ಟು ಏರಿತು. ನಾಲ್ಕನೆಯ ದಿನ ನೋವು ತಾಳಲಾರದೆ "ಅಜ್ಜಿ, ನೀವಿಕೊಡು" ಎಂದು ಅವಳ ಕೈಯನ್ನೇ ಎಳೆಯಿತು. ಅತ್ತೆ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಆರನೆಯ ದಿನ ಜ್ವರ ಬಿಟ್ಟಿತು. ಒಂಬತ್ತನೆಯ ದಿನ ಡಾಕ್ಟರಮ್ಮ ಗಡ್ಡೆಗೆ ಅಳತೆಪಟ್ಟಿ ಹಿಡಿದು, ಮತ್ತೊಮ್ಮೆ ಹಿಡಿದು, ನಕ್ಕಳು. ರಕ್ತದ ಫಲಿತಾಂಶವೂ ಬಂತು. ಇಬ್ಬರಿಗೂ ಬೆಕ್ಕಿನ ಕಾಯಿಲೆಯೇ. ಕೊಯ್ಯುವುದೂ ಇಲ್ಲ, ನ್ಯೂಜಿಲೆಂಡೂ ಇಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ರೊಪೆಟಾ ಮನೆಗೆ ಹೋಗಿ ಅರ್ಧ ಕತೆ ಮಾತ್ರ ಹೇಳಿದಳು. ಸೌನೋವಾಳ ಬೆಕ್ಕು, ಸೌನೋವಾಳ ನೀವುವಿಕೆ ಎಲ್ಲವೂ ಅದರಲ್ಲಿತ್ತು, ತಾನು ಡಾಕ್ಟರಿಗೆ ಸುಳ್ಳು ಹೇಳಿದ್ದೊಂದು ಇರಲಿಲ್ಲ. ಅವಳ ಮಾವ ಫಲನಿಕೊ ಊರ ಸಭೆಯಲ್ಲಿ ಕೂರುವ ಯಜಮಾನ, ಮುಂಗೋಪಿ. ಮೊಮ್ಮಗಳನ್ನು ಸಾವಿನ ಬಾಗಿಲಿಗೆ ತಳ್ಳಿದವಳು ಎಂದು ಚರ್ಚಿನ ಮುಂದೆಯೇ ಕೂಗಾಡಿದ. ಅತ್ತೆಯ ಜಗಲಿ ಬರಿದಾಯಿತು.

"ಸುಳ್ಳು ಹೇಳಿದ್ದು ಯಾರು ಅಂತ ಹೇಳು ಅತ್ತೆ! ನಿನಗೇನು ಬಾಯಿಲ್ವಾ?" ಎಂದು ನಾನು ಹಾರಾಡಿದೆ.

"ನೀನೂ ಅಲ್ಲೇ ಇದ್ಯಲ್ಲ," ಎಂದಳು.

ಅವಳು ಪೆಟ್ಟಿಗೆಯಿಂದ ತನ್ನ ತಾಯಿ ನೇಯ್ದ ನಯವಾದ ಚಾಪೆಯನ್ನು ತೆಗೆದಳು. ಕೊಲೆಯಂಥ ಘೋರ ತಪ್ಪಾದಾಗ ತಪ್ಪಿತಸ್ಥರ ಮನೆಯವರು ಅಂಥ ಚಾಪೆ ಹೊದ್ದು ನೊಂದವರ ಅಂಗಳದಲ್ಲಿ ಕೂರುವುದು ನಮ್ಮ ಪದ್ಧತಿ. ಅವರು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಕಲ್ಲು ಬೀಳಬಹುದು, ಕತ್ತಿಯೂ ಬೀಳಬಹುದು. ಮನೆಯ ಯಜಮಾನನೂ ಜೊತೆಗೆ ಕೂರಬೇಕು. ಯಜಮಾನನಾದ ನಮ್ಮಪ್ಪ ಬರಲಿಲ್ಲ.

"ಒಂದು ಬೆಕ್ಕಿಗೋಸ್ಕರನಾ? ಊರೆಲ್ಲ ನಗುತ್ತೆ. ನಾನ್ ಬರಲ್ಲ, ನಿನಗೂ ಬುದ್ಧಿ ಬೇಡ್ವಾ?"

ಆದ್ದರಿಂದ ಬೆಳಕು ಹರಿಯುವಾಗ ಫಲನಿಕೊನ ಅಂಗಳದಲ್ಲಿ ಕೂತವರು ನಾವಿಬ್ಬರೇ. ಚಾಪೆಯೊಳಗೆ ಸೆಖೆ. ನೆಲಕ್ಕೂ ಅಂಚಿಗೂ ನಡುವಿನ ಸಂದಿಯಲ್ಲಿ ಪಾದಗಳಷ್ಟೇ ಕಾಣುತ್ತಿದ್ದವು. ಮೊದಲು ಮಕ್ಕಳ ಪಾದ ಬಂದು ಓಡಿಹೋದವು. ಆಮೇಲೆ ಫಲನಿಕೊನ ಒಡೆದ ಹಿಮ್ಮಡಿ ಬಂದು ನಮ್ಮ ಮುಂದೆಯೇ ನಿಂತಿತು. ಬಹಳ ಹೊತ್ತು ನಿಂತಿತು. ಪಕ್ಕದಲ್ಲಿ ತೆಂಗಿನಕಾಯಿ ಕಡಿಯುವ ಕತ್ತಿಯ ತುದಿ ನೆಲಕ್ಕೆ ತಾಗಿತ್ತು. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

ಮನೆಯಿಂದ ಇನ್ನೊಂದು ಜೊತೆ ಪಾದ ಓಡಿಬಂತು. ರೊಪೆಟಾಳದು. ಚಾಪೆ ಎತ್ತಲು ಬಂದಳು ಎಂದುಕೊಂಡೆ. ಅವಳು ಮಂಡಿಯೂರಿದಳು, ಅಂಚನ್ನು ಒಂದಿಷ್ಟೇ ಸರಿಸಿದಳು, ತಲೆ ತಗ್ಗಿಸಿ ಒಳಗೆ ನುಸುಳಿ ಅತ್ತೆಯ ಇನ್ನೊಂದು ಪಕ್ಕಕ್ಕೆ ಒತ್ತಿಕೊಂಡು ಕೂತಳು.

"ಏ ರೊಪೆಟಾ! ಅಲ್ಲಿ ನಿಂದೇನು ಕೆಲ್ಸ?" ಎಂದು ಫಲನಿಕೊ ಗುಡುಗಿದ.

"ಬೆಕ್ಕಿದ್ಯಾ ಅಂತ ಡಾಕ್ಟರು ಕೇಳಿದ್ರು ಮಾವ," ಎಂದಳು ಅವಳು ಚಾಪೆಯೊಳಗಿಂದಲೇ. "ಇಲ್ಲ ಅಂದೋಳು ನಾನು."

ಕತ್ತಿ ನೆಲಕ್ಕೆ ಬಿತ್ತು. ಆಮೇಲೆ ಆ ಮುದುಕನ ಎರಡೂ ಕೈ ಚಾಪೆಯ ಅಂಚನ್ನು ಹಿಡಿದುಕೊಂಡವು.