ನಾನು ಎರಡು ಸಲ ಕಟ್ಟಿದ ಇಳಿಜಾರು

ದಾಬೋಲಿಮ್ ಹತ್ತಿರದ ಹೋಟೆಲಿಗೆ ಗಾಲಿಕುರ್ಚಿ ಏರುವ ಇಳಿಜಾರು ಕಟ್ಟಿದವ ನಾನೇ. ನನ್ನಂಥ ಗೌಂಡಿ ಇಡೀ ಗೋವಾದಲ್ಲಿಲ್ಲ. ಸಿಮೆಂಟಿನ ತಳ್ಳುಗಾಡಿ ಏರಿಸಲು ಹಲಗೆ ಇಡ್ತೀವಲ್ಲ, ಅದೇ ಅಳತೆಯಲ್ಲಿ ಒಂದೇ ದಿನಕ್ಕೆ ಮುಗಿಸಿದ್ದೆ.

ಗಾಲಿಕುರ್ಚಿಯಲ್ಲಿ ಮೊದಲು ಬಂದವರು ಬೆಳಗಾವಿಯ ಒಬ್ಬ ಮಾಸ್ತರು. ಅರ್ಧ ಏರಿ, ಸಾಗದೆ ಕೆಳಗಿಳಿದರು.

‘ಎತ್ತಿ ಒಳಗ ಇಡ್ತೇನ್ರಿ ಸರ, ಎರಡು ಚೀಲ ಸಿಮೆಂಟ್ ಹೊರೋ ಹೆಗಲಿದು’ ಅಂದೆ.

‘ನಾ ಚೀಲ ಅಲ್ಲೋ ತಮ್ಮಾ. ನಾನ ಏರಬೇಕು. ಮೊದಲ ನೀ ಕುಂತು ಏರು, ನೋಡೂಣು’ ಅಂತ ಕುರ್ಚಿ ನನಗೆ ಬಿಟ್ಟು ಪಕ್ಕದ ಬೆಂಚಿಗೆ ಸರಿದರು.

ಕುಂತೆ. ಅರ್ಧಕ್ಕೇ ತೋಳು ಸೋತು, ಹಿಂದಕ್ಕೆ ಜಾರಿ ಹೂಕುಂಡಕ್ಕೆ ಗುದ್ದಿದೆ.

ಅವತ್ತೇ ಒಡೆದು ಮೂರು ಪಟ್ಟು ಉದ್ದ ಕಟ್ಟಿದೆ. ಅವರು ಊರಿಗೆ ಹೊರಡುವ ಮುನ್ನ ಒಬ್ಬರೇ ಸರಾಗ ಏರಿ, ‘ಈಗ ಚಲೋ ಆತು’ ಅಂದರು.

ಈಗ ಯಾವ ಇಳಿಜಾರು ಕಟ್ಟಿದರೂ ಮೊದಲು ನಾನೇ ಕುಂತು ಏರುತ್ತೇನೆ. ಹೂಕುಂಡ ಮಾತ್ರ ದೂರ ಇಡಿಸಿರುತ್ತೇನೆ.