ಎಡಗೈಗೊಂದು ಜೇಬು

ನನ್ನ ಎಡಗೈಯ ಬಗ್ಗೆ ನನಗೆ ಒಂದು ಕಾಲದಲ್ಲಿ ವಿಪರೀತ ಹೆಮ್ಮೆಯಿತ್ತು. ಊಟಕ್ಕೆ ಬಾರದ, ಸಹಿಗೆ ಬಾರದ, ಲೋಕಲ್ ರೈಲಿನಲ್ಲಿ ಹಿಡಿಕೆಗೆ ಜೋತುಬೀಳಲು ಮಾತ್ರ ಬರುವ ಕೈ ಅದು. ಆದರೆ ಅರೇಂಜರ್ ಕೀಬೋರ್ಡಿನ ಮೇಲೆ ಅದರ ಮೂರು ಬೆರಳಿಟ್ಟರೆ ಸಾಕು, ಡ್ರಮ್ಮು, ಬೇಸ್ ಗಿಟಾರು, ಪಿಟೀಲು ಎಲ್ಲ ತಾವಾಗಿಯೇ ನುಡಿಯುತ್ತಿದ್ದವು. ಬೆರಳು ಬದಲಿಸುವ ತನಕ ಅಲ್ಲೇ ಸುತ್ತುತ್ತ ಕಾಯುತ್ತಿದ್ದವು. ಬಲಗೈ ರಾಗ ನುಡಿಸಿ ಹೆಸರು ಮಾಡುತ್ತಿತ್ತು, ದುಡಿಮೆಯೆಲ್ಲ ಎಡಗೈಯದು.

ವಾರವಿಡೀ ನಾನು ಬ್ಯಾಂಕಿನ ಗುಮಾಸ್ತ. ಭಾನುವಾರ ನಾಡಿಗೇರರ ಆರ್ಕೆಸ್ಟ್ರಾದ ಕೀಬೋರ್ಡ್ ಮಾಸ್ತರ. ಧಾರವಾಡದ ಕಡೆಯ ನಾಡಿಗೇರರು ಮುಂಬಯಿಯ ಪರೇಲಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಹಾಡಿಗಾಗಿ ಬದುಕಿದವರು. ಅವರ ಪಕ್ಕದ ಕುರ್ಚಿಯಲ್ಲಿ ಎಂಟು ವರ್ಷ ಕೂತಿದ್ದೆ. ಆ ಕುರ್ಚಿ ಹೋದರೆ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕೂಡ ನನಗೆ ಸಲಾಂ ಹೊಡೆಯುವುದಿಲ್ಲ ಎಂದು ನನಗೆ ನಿಜಕ್ಕೂ ಭಯವಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಅದಕ್ಕೆ ಸಂಚಕಾರ ಬಂತು. ಪವಾಯಿಯ ಇಂಜಿನಿಯರ್ ಸುಧೀಂದ್ರ, ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಬೆಡ್‌ಶೀಟು ಸುತ್ತಿದ ಕಂಪ್ಯೂಟರನ್ನು ಟ್ಯಾಕ್ಸಿಯಲ್ಲಿ ಹೊತ್ತುತಂದ. ಜೊತೆಗೆ ಕಬ್ಬಿಣದ ಚೌಕಟ್ಟಿಗೆ ತಿರುಪು ಹಾಕಿ ಕೂರಿಸಿದ ಎರಡು ಸಿಂಥೆಸೈಜರ್ ಪೆಟ್ಟಿಗೆಗಳು. ಅವಕ್ಕೆ ಒತ್ತುವ ಬಿಳಿ-ಕಪ್ಪು ಮನೆಗಳೇ ಇಲ್ಲ. ಕಂಪ್ಯೂಟರ್ ಹೇಳಿದ್ದನ್ನು ನುಡಿಯುತ್ತವೆ.

"ಅಂಕಲ್, ಪೂರಾ ಹಾಡು ಫ್ಲಾಪಿಯಲ್ಲಿ ಇದೆ. ಬಸ್, ಸ್ಟಾರ್ಟ್ ಮಾಡೋದು," ಎಂದ.

ಆ ಪೆಟ್ಟಿಗೆಯ ಪಿಟೀಲು ಕೇಳಿ ನನ್ನ ಹೊಟ್ಟೆ ಉರಿಯಿತು. ಅದರೆದುರು ನನ್ನ ಕೀಬೋರ್ಡಿನ ಪಿಟೀಲಿಗೆ ನೆಗಡಿ ಹಿಡಿದಂತಿತ್ತು.

ನಾಡಿಗೇರರು ನ್ಯಾಯವಂತರು. "ಹಿಂಗ ಮಾಡೂಣ್ರೀ ಮಾಸ್ತರ. ಪಾರ್ಲೆ ಸಂಘದ ಕಾರ್ಯಕ್ರಮದಾಗ ಮೊದಲ್ನೇ ಹಾಡು ಅವಂದು, ಎರಡನೇದು ನಿಮ್ದು. ಯಾರದು ಛಲೋ ಆಗ್ತದ, ಕುರ್ಚಿ ಅವರ್ದು," ಎಂದರು.

ಅವರ ಅಭ್ಯಾಸವೊಂದನ್ನು ಇಲ್ಲಿ ಹೇಳಬೇಕು. ಮುಂದಿನ ಸಾಲಿನಲ್ಲಿ ಯಾರಾದರೂ ತಲೆದೂಗಿದರೆ ನಾಡಿಗೇರರು ಅದೇ ಸಾಲನ್ನು ಮತ್ತೆ ಹಾಡುತ್ತಾರೆ. ಇನ್ನೊಬ್ಬರು ತೂಗಿದರೆ ಮತ್ತೊಮ್ಮೆ. ಅತಿಥಿಗಳು ತಡವಾಗಿ ಬಂದರೆ "ಬರ್ರಿ ಸಾಹೇಬ್ರ" ಎಂದು ಕೂರಿಸಿ, ಬಿಟ್ಟಲ್ಲಿಂದ ಹಾಡುತ್ತಾರೆ. ಹಾರ್ಮೋನಿಯಂ ಕಾಲದಿಂದಲೂ ಸಾಥ್ ಕೊಡುವವರು ಹಾಡುವವರ ಮುಖ ನೋಡುತ್ತಲೇ ನುಡಿಸುವುದು ಇದಕ್ಕೇ.

ತಾಲೀಮಿನಲ್ಲಿ ಪಲ್ಲವಿ ಎರಡು ಸಲ ಎಂದು ಸುಧೀಂದ್ರ ಎಣಿಸಿಕೊಂಡಿದ್ದ. ಪಾರ್ಲೆಯವರೋ ಮಹಾ ರಸಿಕರು. ನಾಡಿಗೇರರು ನಾಲ್ಕನೆಯ ಸಲ ಪಲ್ಲವಿ ಹಾಡುವಾಗ ಫ್ಲಾಪಿ ಚರಣಕ್ಕೆ ಹೋಗಿತ್ತು. ಇವರು ಏದುಸಿರು ಬಿಡುತ್ತ ಚರಣಕ್ಕೆ ಬರುವಷ್ಟರಲ್ಲಿ ಅದು ಹಾಡು ಮುಗಿಸಿ ಸುಮ್ಮನಾಯಿತು. ಸುಧೀಂದ್ರನ ಮುಖ ಬಾಡಿತು. ನನಗೆ ಖುಷಿಯಾಯಿತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ನನ್ನ ಸರದಿಗೆ ಮುನ್ನ ಸಂಘದ ಅಧ್ಯಕ್ಷರು ತೀರಿಕೊಂಡ ಹಿರಿಯ ಸದಸ್ಯರೊಬ್ಬರ ನೆನಪಿಗೆ ಎರಡು ನಿಮಿಷ ಮೌನ ಕೋರಿದರು. ಎಲ್ಲರೂ ಎದ್ದರು. ನಾನೂ ಗೆದ್ದ ಗತ್ತಿನಲ್ಲಿ ಏಳುತ್ತ, ಆಧಾರಕ್ಕೆಂದು ಎಡಗೈ ಊರಿದೆ. ಊರಿದ್ದು ಕೀಬೋರ್ಡಿನ ಮೇಲೆ. ಬೆರಳು ತಗುಲಿದೊಡನೆ ತಾಳ ಶುರುವಾಗಲೆಂದು ನಾನೇ ಗುಂಡಿ ಒತ್ತಿಟ್ಟಿದ್ದೆ. ಶೋಕಸಭೆಯಲ್ಲಿ ಡಿಸ್ಕೊ ಮೊಳಗಿತು. ಗಾಬರಿಯಲ್ಲಿ ಇನ್ನೊಂದು ಗುಂಡಿ ಒತ್ತಿದೆ, ಡಿಸ್ಕೊ ಜೋರಾಯಿತು. ಕೊನೆಗೆ ಸುಧೀಂದ್ರ ಹಾರಿ ಬಂದು ಪ್ಲಗ್ ಕಿತ್ತ.

ಪರದೆಯ ಹಿಂದೆ ನಾಡಿಗೇರರು ಇಬ್ಬರನ್ನೂ ನೋಡಿದರು. "ಅವಂದು ನಿಲ್ಲಂದ್ರ ನಿಲ್ಲೂದಿಲ್ಲ. ನಿಮ್ದು ಕರೀಲಾರದ ಬರ್ತದ. ನಾ ಯಾರ ಜೋಡಿ ಹಾಡ್ಲಿ?"

ನಾನು ಕುರ್ಚಿಯ ಆಸೆ ಬಿಟ್ಟೆ. ಆಗ ಸುಧೀಂದ್ರ ಜೇಬಿನಿಂದ ಒಂದು ವೈರು ತೆಗೆದ. "ಅಂಕಲ್, ನಿಮ್ಮ ಕೀಬೋರ್ಡಿಗೆ ನನ್ನ ಬಾಕ್ಸ್ ಜೋಡ್ಸೋಣ? ಹಾಥ್ ನಿಮ್ದು, ಆವಾಜ್ ನಂದು." ಅವನು ಸೋತಾಗ ನಾನು ಹಿಗ್ಗಿದ್ದು ನೆನಪಾಗಿ ನಾಚಿಕೆಯಾಯಿತು.

ಕಂಪ್ಯೂಟರ್ ಬೆಡ್‌ಶೀಟಿನೊಳಗೆ ಮಲಗಿತು. ಆ ಸಂಜೆ ನಾಡಿಗೇರರು ಒಂದೇ ಸಾಲನ್ನು ಆರು ಸಲ ಹಾಡಿದರು. ನನ್ನ ಮೂರು ಬೆರಳು ಕಾದವು. ನೆಗಡಿಯಿಲ್ಲದ ಪಿಟೀಲೂ ಕಾಯಿತು.

ಅಂದಿನಿಂದ ವೇದಿಕೆಯ ಮೇಲೆ ಎರಡು ಕುರ್ಚಿ. ನಾಡಿಗೇರರದು ಒಂದೇ ಷರತ್ತು: ಮೌನಾಚರಣೆಯ ಹೊತ್ತಿಗೆ ನನ್ನ ಎಡಗೈ ಕೀಬೋರ್ಡಿನ ಹತ್ತಿರ ಸುಳಿಯಕೂಡದು. ಹಾಗಾಗಿ ಯಾರಾದರೂ ಮೌನ ಎಂದೊಡನೆ ನಾನು ಎಡಗೈಯನ್ನು ಜೇಬಿಗೆ ಇಳಿಸುತ್ತೇನೆ. ಪಕ್ಕದಲ್ಲಿ ಸುಧೀಂದ್ರ ಭಕ್ತಿಯಿಂದ ತಲೆ ಬಗ್ಗಿಸಿ ನಿಂತಿರುತ್ತಾನೆ, ಒಂದು ಕಣ್ಣು ನನ್ನ ಜೇಬಿನ ಮೇಲೆ, ಒಂದು ಕೈ ಪ್ಲಗ್ಗಿನ ಮೇಲೆ.