ಹೊಳೆವ್ವನ ಒಂದು ದಿನದ ಪುಡಿ

ಹಳೇ ಹುಬ್ಬಳ್ಳಿಯಲ್ಲಿ ಯಾರ ಹಂದಿಮರಿಗೆ ಹೊಟ್ಟೆ ಕೆಟ್ಟರೂ ಹೊಳೆವ್ವನ ಒರಳಿಗೆ ಕೆಲಸ ಬೀಳುತ್ತದೆ. ಮಿಲ್ಲಿನ ಭೋಂಗಾ ಕೂಗುವ ಮೊದಲೇ ಅಜವಾನ, ದಾಳಿಂಬೆ ಸಿಪ್ಪೆ, ಒಣಶುಂಠಿ ಕುಟ್ಟುತ್ತ, ತನ್ನ ಹಂದಿಗಳನ್ನು ಸೊಸೆಯಂದಿರೆಂಬಂತೆ ಬೈಯುತ್ತಿರುತ್ತಾಳೆ. 'ತೌಡಿನ್ಯಾಗ ಕಲಸಿ ತಿನ್ನಸ್ರಿ. ನಾಳಿ ಮತ್ತ ಬರ್ರಿ, ಕುಟ್ಟಿಟ್ಟ ಪುಡಿ ಮರುದಿನಕ್ಕ ಕಸುವು ಕಳಕೊಂತೈತಿ' ಎಂದು ಒಂದೇ ದಿನದಷ್ಟು ಕಟ್ಟಿಕೊಡುತ್ತಾಳೆ. ಆ ಪುಡಿ ತಿಂಗಳಾದರೂ ಕೆಡದೆಂದು ಓಣಿಗೆಲ್ಲ ಗೊತ್ತು. ಆದರೂ ಯಾರೂ ಎದುರಾಡುವುದಿಲ್ಲ, ಬಂದವರು ಕಟ್ಟೆಯ ಮೇಲೆ ಕೂತು ಎರಡು ಮಾತಾಡಿ ಹೋಗುತ್ತಾರೆ. ಮನುಷ್ಯರೊಡನೆ ಅವಳ ಮಾತು ದಿನಕ್ಕೆ ಅಷ್ಟೇ. ಮರಿಗೆಂದು ದಿನಾ ಪುಡಿ ಒಯ್ಯುತ್ತಿದ್ದ ಹುಚ್ಚಪ್ಪ ನಿನ್ನೆ ಬಂದು, 'ಮರಿ ಆರಾಮಾತಬೇ, ಇನ್ನ ಪುಡಿ ಬ್ಯಾಡ' ಎಂದ. 'ಛಲೋ ಆತಪಾ' ಎಂದಳು. ಅವನು ಓಣಿ ತಿರುಗುವಷ್ಟರಲ್ಲಿ ಕೂಗಿದಳು: 'ಏ ಹುಚ್ಚಪ್ಪಾ, ಆರಾಮಿದ್ದ ಮರಿಗೂ ಪುಡಿ ಬೇಕಾಗತೈತೋ, ನಾಳಿ ಬಾ!'